ಹಿಡಿ ಜೋಳದ ಸಭೆ

ಈಚೆಗೆ ದಂಡೋತಿಯ ಮದುವೆ ಮನೆಯೊಂದರಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು. ಮದುವೆ ನನ್ನದಲ್ಲ, ಗಾಬರಿಯಾಗಬೇಡಿ. ನಾನು ಐವತ್ತೇಳರ ಹೆಂಗಸು, ಚಿತ್ತಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವವಳು. ಮದುವೆ ನನ್ನ ಸ್ನೇಹಿತೆ ನೀಲಮ್ಮನ ಮಗಳದು. ಇನ್ನೂ ನಾಲ್ಕು ದಿನವಿತ್ತು. ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತು ರೊಟ್ಟಿಗೆ ಬೇಕಾದ ಜೋಳ ಹಸನು ಮಾಡುತ್ತಿದ್ದೆವು. ಮೊರದ ಜೋಳವನ್ನು ಗಿರಣಿಯ ಚೀಲಕ್ಕೆ ಸುರಿಯುವ ಮೊದಲು ನನ್ನ ಬಲಗೈ ತಾನಾಗಿ ಹೋಗಿ ಒಂದು ಹಿಡಿ ತೆಗೆದು ಪಕ್ಕದಲ್ಲಿದ್ದ ಖಾಲಿ ಡಬ್ಬಿಗೆ ಹಾಕಿತು. ಮತ್ತೊಂದು ಮೊರ, ಮತ್ತೊಂದು ಹಿಡಿ. ಐದಾರು ಹಿಡಿಯಾದ ಮೇಲೆ ನೀಲಮ್ಮನ ಅತ್ತೆಯ ಕಣ್ಣಿಗೆ ಬಿತ್ತು.

"ಟೀಚರಮ್ಮ, ಅದೇನ್ ತೆಗ್ದಿಡ್ಲಾಕತ್ತೀರಿ? ಹುಳ ಏನರ ಅದಾವೇನ್ರಿ?"

ಬೇರೆಯವರ ಮನೆಯ ಜೋಳ, ಬೇರೆಯವರ ಡಬ್ಬಿ, ಕೈ ಮಾತ್ರ ನನ್ನದು. ಏನೆಂದು ಹೇಳಲಿ? "ರೂಢಿರಿ ಅತ್ತಿ, ನಮ್ಮ ಮನ್ಯಾಗ ಒಂದ್ ಹಿಡಿ ದೇವ್ರಿಗಂತ ತೆಗೀತೀವಿ. ಮರ್ತು ನಿಮ್ಮ ಜೋಳನೂ ತೆಗ್ದೀನಿ" ಎಂದೆ. ಮುಖ ಕೆಂಪಾಗಿತ್ತು. ಆ ಮುದುಕಿ ನಕ್ಕುಬಿಟ್ಟರು. "ದೇವ್ರಿಗೇನು? ಹಂಗಾರ ಇನ್ನೂ ನಾಕ್ ಹಿಡಿ ಹಾಕ್ರಿ. ಮದುವಿ ಮನಿ ಅದ, ಕಮ್ಮಿ ಯಾಕ?" ಎಂದು ತಾವೇ ಬೊಗಸೆ ತುಂಬಿ ಹಾಕಿದರು. ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿ ಬಂದೆ.

ಈ ರೂಢಿಯ ವಿಷಯ ನಿಮಗೆ ಹೇಳಬೇಕು. ನಮ್ಮ ಕಡೆ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಜೋಳದ ದೊಡ್ಡ ಡಬ್ಬಿಯ ಪಕ್ಕ ಒಂದು ಚಿಕ್ಕ ಡಬ್ಬಿ ಇರುತ್ತದೆ. ಜೋಳ ಗಿರಣಿಗೆ ಹೋಗುವ ಮುಂಚೆ ಮನೆಯ ಹೆಂಗಸು ಒಂದು ಹಿಡಿ ತೆಗೆದು ಅದಕ್ಕೆ ಹಾಕುತ್ತಾಳೆ. ರವಿವಾರ ಅದು ಸಭೆಗೆ ಹೋಗುತ್ತದೆ. ಸಭೆ ಎಂದರೆ ನಮಗೆ ಕಟ್ಟಡವಲ್ಲ, ಕೂಡಿ ಕುಳಿತ ಮಂದಿ. ಅಲ್ಲಿ ಎಲ್ಲ ಮನೆಗಳ ಹಿಡಿಯೂ ಒಂದು ತಗಡಿನ ಡಬ್ಬಿಗೆ ಬೀಳುತ್ತದೆ. ಯಾವ ಮನೆಯಲ್ಲಿ ದುಡಿಯುವ ಕೈ ನಿಂತಿದೆಯೋ ಆ ಮನೆಗೆ ಅದು ಹೋಗುತ್ತದೆ. ಯಾರ ಹಿಡಿ ಯಾರ ಹೊಟ್ಟೆಗೆ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಾನೀಗ ಅಂಗಡಿಯಿಂದ ಹಿಟ್ಟಿನ ಪಾಕೀಟು ತರುವವಳು. ಆದರೂ ಪಾಕೀಟಿನ ಬಾಯಿ ಕತ್ತರಿಸಿದ ಕೂಡಲೇ ಕೈ ಹಿಡಿ ತುಂಬುತ್ತದೆ. "ಅತ್ತಿ, ನೂಡಲ್ಸಿನಾಗಿಂದೂ ಒಂದ್ ಎಳಿ ತೆಗೀತೀರೇನ್ರಿ?" ಎಂದು ಸೊಸೆ ತಮಾಷೆ ಮಾಡುತ್ತಾಳೆ. ಒಮ್ಮೆ ತೆಗೆದಿದ್ದೇನೆ ಎಂದು ಅವಳಿಗೆ ಹೇಳಿಲ್ಲ.

ದಂಡೋತಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಯ್ಯನವರ ಫೋನು. ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ಸಣ್ಣ ಸಣ್ಣ ಸಭೆಗಳನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ. ಅರ್ಧ ಜೀವನ ಮೋಟರ್ ಸೈಕಲ್ ಮೇಲೆ, ಇನ್ನರ್ಧ ವಾಡಿ ಜಂಕ್ಷನ್ನಿನ ಕಲ್ಲು ಬೆಂಚಿನ ಮೇಲೆ ಕಳೆಯುವ ಮನುಷ್ಯ. ಹಿಂದಿನ ಕಾಲದಲ್ಲಿ ಯೇಸು ಕಳಿಸಿದ ಅಪೊಸ್ತಲರು ಒಂದು ಊರಿಗೆ ಪತ್ರ ಬರೆದರೆ ಅದನ್ನು ಅಲ್ಲಿ ಓದಿ ಮುಂದಿನ ಊರಿಗೆ ಕಳಿಸುತ್ತಿದ್ದರಂತೆ. ನಮ್ಮ ಅಯ್ಯನವರು ಮೊಬೈಲಿನ ಗ್ರೂಪಿಗೆ ಧ್ವನಿ ಸಂದೇಶ ಕಳಿಸುತ್ತಾರೆ. ಹಿಂದಿನಿಂದ ಲಾರಿ ಹಾರ್ನು, ಕುರಿಗಳ ಸದ್ದು ಎಲ್ಲ ಸೇರಿ ಐದೂ ಊರಿಗೆ ಒಮ್ಮೆಲೇ ಮುಟ್ಟುತ್ತದೆ.

"ಟೀಚರ್, ಶಹಾಬಾದ್‌ನಾಗ ಐದೂರಿನ ಕೂಟ ಅದಲ್ರಿ, ಈ ಸಲ ನೀವೇ ಮಾತಾಡ್ಬೇಕು. ಆದಿ ಸಭೆ ಹ್ಯಾಂಗ ಬೆಳೀತು, ಅದ್ರಿಂದ ಇವತ್ತಿನ ನಮಗೇನು, ಇಷ್ಟೇ ವಿಷಯ. ಇತಿಹಾಸ ನಿಮ್ಮ ಕೈಯಾಗಿಂದದ."

ಇತಿಹಾಸದ ಟೀಚರಿಗೆ ಹೀಗೆ ಹೇಳಬಾರದಿತ್ತು. ಹದಿನೈದು ದಿನ ಕೂತು ಎರಡು ನೋಟುಬುಕ್ಕು ತುಂಬಿಸಿದೆ. ರೋಮಿನ ಚಕ್ರವರ್ತಿಗಳು, ಅವರು ಹಾಕಿಸಿದ ರಸ್ತೆಗಳು, ಸಮುದ್ರದ ವ್ಯಾಪಾರ, ಹಿಂಸೆಯ ಕಾಲ, ಕೊನೆಗೆ ಒಬ್ಬ ಚಕ್ರವರ್ತಿಯೇ ಒಲಿದ ಕಥೆ. ಒಂದು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯವರನ್ನು ಕೂರಿಸಿ ಓದಿದೆ. ಎರಡನೆಯ ಚಕ್ರವರ್ತಿ ಪಟ್ಟಕ್ಕೆ ಬರುವಷ್ಟರಲ್ಲಿ ಅವರಿಗೆ ಗೊರಕೆ ಬಂದಿತ್ತು. ಅವ್ವ ಮಾತ್ರ ಎಚ್ಚರವಿದ್ದಳು. ನನ್ನ ಜೊತೆಗೇ ಇರುವ ಅವ್ವನಿಗೆ ಎಂಬತ್ತು ದಾಟಿದೆ. ಕಿವಿ ಮಂದ, ಆದರೆ ತನಗೆ ಬೇಕಾದ್ದು ಪಕ್ಕದ ಓಣಿಯಲ್ಲಿ ನಡೆದರೂ ಕೇಳಿಸುತ್ತದೆ. ಬೆಳ್ಳುಳ್ಳಿ ಬಿಡಿಸುತ್ತ ಕುಳಿತವಳು ತಲೆ ಎತ್ತದೆ ಕೇಳಿದಳು:

"ಎಲ್ಲಾ ರಾಜರ ಕಥಿನೇ ಅದಲ್ಲ. ನಮ್ಮ ಜೋಳದ ಗುನ್ಹೆ ಎಲ್ಲದ?"

ನಾನು ಓದು ನಿಲ್ಲಿಸಿದೆ. "ಅದನ್ನ ಐದೂರ ಮಂದಿ ಮುಂದ ಹೇಳ್ಲಿಕ್ಕಾಗ್ತದೇನವ್ವ? ನಿನ್ನ ಹೆಸರಿನ ಪ್ರಶ್ನಿ ಅದ."

"ನನ್ನ ಹೆಸರು ಅಷ್ಟ್ ನಾಜೂಕ್ ಅದೇನು, ಕೈ ಹಚ್ಚಿದ್ರ ಒಡೀಲಿಕ್ಕೆ? ಅದಿಲ್ದಿದ್ರ ನೀ ಶಹಾಬಾದ್‌ಗಿ ಹೋಗ್ಲೇ ಬ್ಯಾಡ. ರಾಜರ ಕಥಿ ಕೇಳ್ಲಾಕ ಮಂದಿಗಿ ಟೀವಿ ಅದ."

ಅವಳಿಗೆ ಸಲೀಸು. ಹೇಳಬೇಕಾದವಳು ನಾನು. ನಮ್ಮ ಐದೂರಲ್ಲಿ 'ವಾಡಿ ಸುಂದ್ರವ್ವ' ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ವಾಡಿಯಲ್ಲಿ ಸಭೆಗೆ ಕಟ್ಟಡ ಇರದ ಕಾಲದಲ್ಲಿ ನಮ್ಮ ಮನೆಯ ಪಡಸಾಲೆಯೇ ಸಭೆ. ಅವ್ವ ರವಿವಾರ ಬೆಳಗ್ಗೆ ಶಹಾಬಾದ್ ಕಲ್ಲಿನ ನೆಲ ತೊಳೆದು ಜಮಖಾನ ಹಾಸಿದಳೆಂದರೆ ಆಯಿತು, ಅದೇ ನಮ್ಮ ದೇವಾಲಯ. ಆ ಜಮಖಾನದ ಮೇಲೆ ಎಷ್ಟು ಜನರ ಮದುವೆ ನಿಶ್ಚಯವಾಗಿದೆ, ಎಷ್ಟು ಜನರ ಜಗಳ ಮುಗಿದಿದೆ! ಇಂದಿಗೂ ಅವ್ವ ಕೂಟಕ್ಕೆ ಬಂದರೆ ದೊಡ್ಡವರು ಎದ್ದು ನಿಂತು ಜಾಗ ಬಿಡುತ್ತಾರೆ. ಅಂಥವಳ ಮೇಲೆ ಮಗಳೇ ಮೈಕಿನಲ್ಲಿ ತಪ್ಪು ಹೊರಿಸುವುದೇ? ಎದ್ದು ನಿಲ್ಲುವ ಆ ಮಂದಿ ನಾಳೆ ಕುಳಿತೇ ಇದ್ದರೆ? ನನಗೆ ಅದೊಂದೇ ಚಿಂತೆಯಾಯಿತು. ಅವ್ವನ ಮೇಲಿನ ಪ್ರೀತಿಯಿಂದ ಎಂದು ಆಗ ಅಂದುಕೊಂಡಿದ್ದೆ. ಸುಂದ್ರವ್ವನ ಮಗಳು ಎಂಬ ಹೆಸರಿನ ಮೇಲಿನ ಪ್ರೀತಿಯೂ ಅದರಲ್ಲಿ ಸಾಕಷ್ಟಿತ್ತು.

ಈಗ ಆ ಗುನ್ಹೆಯನ್ನು ನಿಮಗೆ ಹೇಳುತ್ತೇನೆ. ಬರವಣಿಗೆಯಲ್ಲಿ ಹೇಳುವುದು ಸುಲಭ, ನಿಮ್ಮ ಮುಖ ನನಗೆ ಕಾಣುವುದಿಲ್ಲ.

ನನಗಾಗ ಹತ್ತು ವರ್ಷ. ಗುಂಟೂರು ಕಡೆಯಿಂದ ಒಬ್ಬ ಗೌಂಡಿ ಕಟ್ಟಡದ ಕೆಲಸಕ್ಕೆಂದು ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ವಾಡಿಗೆ ಬಂದಿದ್ದ. ಕಾಮಾಲೆಯಾಗಿ ವರ್ಷದೊಳಗೆ ತೀರಿಕೊಂಡ. ಹೆಂಡತಿ ಮರಿಯಮ್ಮ ಕಲ್ಲು ಮಣ್ಣು ಹೊರುವ ಕೆಲಸಕ್ಕೆ ನಿಂತಳು. ತೆಲುಗು ಬಿಟ್ಟರೆ ಬೇರೆ ಮಾತು ಅಷ್ಟಾಗಿ ಬಾರದು. ರವಿವಾರ ಜಮಖಾನದ ಕೊನೆಯ ಅಂಚಿನಲ್ಲಿ ಮಕ್ಕಳನ್ನು ತಬ್ಬಿಕೊಂಡು ಕೂರುತ್ತಿದ್ದಳು. ತಗಡಿನ ಡಬ್ಬಿ ಅವ್ವನ ಸುಪರ್ದಿಯಲ್ಲಿತ್ತು. ಅವ್ವ ಪ್ರತಿ ರವಿವಾರ ಮರಿಯಮ್ಮನ ಸೆರಗಿಗೆ ಕೈಬಿಚ್ಚಿ ಜೋಳ ಹಾಕುತ್ತಿದ್ದಳು, ಬೇರೆಯವರಿಗಿಂತ ಒಂದು ಹಿಡಿ ಜಾಸ್ತಿಯೇ. ಮರಿಯಮ್ಮ ಕೈಮುಗಿದು ತೆಗೆದುಕೊಂಡು ಹೋಗುತ್ತಿದ್ದಳು. ಎಂಟು ತಿಂಗಳು ಹೀಗೇ ನಡೆಯಿತು. ನಮ್ಮ ಸಭೆ ಒಬ್ಬ ವಿಧವೆಯ ಮನೆ ನಡೆಸುತ್ತಿದೆ ಎಂದು ಎಲ್ಲರಿಗೂ ಭಾಳ ಸಮಾಧಾನ. ನಡುವೆ ಯಾರೋ ಬಂದು, "ಆಕಿ ನಲ್ಲಿ ಹತ್ರ ಗುಣುಗ್ತಿದ್ಳು, ಜೋಳ ಕೊಟ್ಟು ಕೈ ತೊಳ್ಕೋತಾರ ಅಂತ" ಎಂದು ಹೇಳಿದರು. ಅವ್ವನಿಗೆ ಸಿಟ್ಟು ಬಂತು. ಕೊಟ್ಟಿದ್ದಕ್ಕೂ ಗುಣುಗುವುದೇ ಎಂದಳು.

ಆಮೇಲೆ ಮೂರು ರವಿವಾರ ಮರಿಯಮ್ಮ ಬರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಅವಳ ಗುಡಿಸಲಿಗೆ ಹೋದಳು. ಒಂದೇ ಖೋಲಿ. ಗಂಟು ಕಟ್ಟಿ ಇಟ್ಟಿದ್ದರು. ಮೂಲೆಯಲ್ಲಿ ಒಂದು ಚೀಲ. ಅದರ ಮೇಲೆ ಇಬ್ಬರೂ ಹುಡುಗಿಯರು ಕುಳಿತಿದ್ದರು. ಅವ್ವ ಚೀಲದ ಬಾಯಿ ಬಿಚ್ಚಿ ನೋಡಿದರೆ ನಮ್ಮದೇ ಜೋಳ, ಎಂಟು ತಿಂಗಳದ್ದು ಹಾಗೇ ಇದೆ. ನುಸಿ ಹಿಡಿದು ಬೂದಿಯ ಬಣ್ಣಕ್ಕೆ ತಿರುಗಿದೆ.

ಅವ್ವ ಅಂದು ಕೂಗಾಡಿದ ಹಾಗೆ ಮತ್ತೆಂದೂ ಕೂಗಾಡಿದ್ದನ್ನು ನಾನು ಕೇಳಿಲ್ಲ. "ಮಂದಿ ತಮ್ಮ ಹೊಟ್ಟಿ ಕಟ್ಟಿ ತೆಗ್ದಿಟ್ಟ ಜೋಳ ಇದು! ದೇವ್ರ ಜೋಳ! ನೀ ನುಸಿಗಿ ಹಾಕೀದಿ? ಬ್ಯಾಡಾಗಿದ್ರ ಬಾಯಿ ಬಿಟ್ಟು ಹೇಳ್ಬೇಕಿತ್ತಿಲ್ಲೇನ್? ಬೇಡಿ ತಿನ್ನೋರಿಗಿ ಇಷ್ಟ್ ಸೊಕ್ಕಿರಬಾರ್ದು!" ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತರು. ಮರಿಯಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡಳು. ಹಿರಿಯ ಹುಡುಗಿ ನಿರ್ಮಲಾಗೆ ಎಂಟು ವರ್ಷ, ಶಾಲೆಯಲ್ಲಿ ಕನ್ನಡ ಕಲಿತಿದ್ದಳು. ಅವಳು ಎದ್ದು ಹೇಳಿದಳು:

"ಅಮ್ಮಗ ರೊಟ್ಟಿ ಬಡೀಲಾಕ ಬರಂಗಿಲ್ರಿ. ಬಡದ್ರ ಒಡೀತದ. ಕುದಿಸಿ ತಿಂದ್ರ ತಂಗಿಗಿ ಹೊಟ್ಟಿನೋವು ಬಂತ್ರಿ. ನಾವು ಅನ್ನ ಉಣ್ಣೋರ್ರಿ."

"ಮತ್ತ ವಾಪಸ್ ಕೊಡ್ಬೇಕಿತ್ತು, ಮಾರ್ಬೇಕಿತ್ತು!"

"ದೇವ್ರ ಜೋಳ ಮಾರಬಾರ್ದಂತ್ರಿ. ವಾಪಸ್ ಕೊಟ್ರ ನಿಮಗ ಬ್ಯಾಸರ ಆಗ್ತದಂತ್ರಿ."

ಕೆಲಸ ಸಿಕ್ಕ ದಿನ ಅಕ್ಕಿ ತಂದು ಅನ್ನ ಮಾಡುತ್ತಿದ್ದರು. ಸಿಗದ ದಿನ ಜೋಳದ ಚೀಲದ ಮೇಲೆ ಕುಳಿತು ಮೂವರೂ ಹಸಿದಿರುತ್ತಿದ್ದರು. ಮರುದಿನ ಬೆಳಗಿನ ರೈಲಿಗೆ ಗುಂಟೂರು ಕಡೆಯ ಅಣ್ಣನ ಮನೆಗೆ ಹೋಗುವವರಿದ್ದರು. ಅಲ್ಲಿ ಅತ್ತಿಗೆ ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬುದು ಮರಿಯಮ್ಮನಿಗೇ ಗೊತ್ತಿರಲಿಲ್ಲ.

ಜೋಳ ಉಣ್ಣುವ ನಾಡಿನ ನಮಗೆ ಮಾತ್ರ ಆಗಬಹುದಾದ ತಪ್ಪು ಇದು. ಜೋಳದ ರೊಟ್ಟಿ ಬಡಿಯಲು ಬಾರದ ಹೆಂಗಸು ಲೋಕದಲ್ಲಿ ಇರಬಹುದು ಎಂಬುದೇ ನಮ್ಮ ಸಭೆಯ ಒಬ್ಬರಿಗೂ ಹೊಳೆದಿರಲಿಲ್ಲ. ಬಿಸಿನೀರು ಹಾಕಿ ನಾದಿ, ಅಂಗೈಯಲ್ಲಿ ತಿರುಗಿಸುತ್ತ ಬಡಿಯುವುದನ್ನು ನಮ್ಮ ಹುಡುಗಿಯರು ಕಲಿಯುವುದಿಲ್ಲ, ನೋಡನೋಡುತ್ತ ಬಂದುಬಿಡುತ್ತದೆ ಎಂದುಕೊಂಡವರು ನಾವು. ನನಗೆ ಇಂದಿಗೂ ಭೂಪಟದ ಹಾಗೆ ಸೊಟ್ಟ ಬರುತ್ತದೆ, ಅದು ಬೇರೆ ಮಾತು.

ಅವ್ವ ಆ ಚೀಲವನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದಳು. ಮಧ್ಯಾಹ್ನವೆಲ್ಲ ಅಂಗಳದಲ್ಲಿ ಕುಳಿತು ನುಸಿ ತೆಗೆದು ಹಸನು ಮಾಡಿದಳು. ನಾನು ಪಕ್ಕದಲ್ಲಿ ಕೂತು ಕಲ್ಲು ಆರಿಸಿದೆ. ಅವಳ ಕಣ್ಣಿನಿಂದ ನೀರು ಮೊರದೊಳಗೆ ಬೀಳುತ್ತಿತ್ತು. ನೋಡಿಯೂ ನೋಡದ ಹಾಗಿದ್ದೆ. ಕಿರಾಣಿ ಅಂಗಡಿಯವರಿಗೆ ಆ ಜೋಳ ಕೊಟ್ಟು ಅಕ್ಕಿ ಹಾಕಿಸಿಕೊಂಡು ಸಂಜೆ ಬಿಸಿಲು ಇಳಿಯುವ ಮುಂಚೆ ಮತ್ತೆ ಮರಿಯಮ್ಮನ ಬಾಗಿಲಲ್ಲಿ ನಿಂತಳು. ಬಾಗಿಲು ಹಾಕಿತ್ತು.

"ಮರಿಯಮ್ಮ, ತಪ್ಪು ನಂದದ. ಎಂಟು ತಿಂಗಳ ನಾ ನಿನಗ ಒಂದ್ ಮಾತ್ ಕೇಳಿಲ್ಲ. ಮ್ಯಾಲ ಬೈದೀನಿ. ಹೋಗ್ತೀನಂದ್ರ ಹೋಗು, ನಿನ್ನ ಹಿಡಿಯೋ ಹಕ್ಕು ನನಗಿಲ್ಲ. ಖರೇ ಈ ರವಿವಾರತನ ನಿಲ್ಲು. ಇಷ್ಟೇ ಕೇಳ್ತೀನಿ."

ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಅವ್ವ ಅಕ್ಕಿಯ ಚೀಲವನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಅಲ್ಲೇ ನೆಲದ ಮೇಲೆ ಕುಳಿತಳು. ಕೊನೆಗೆ ಒಳಗಿನಿಂದ ಅಗುಳಿ ತೆಗೆದ ಸದ್ದಾಯಿತು. ಬಾಗಿಲು ತೆಗೆದವಳು ಚಿಕ್ಕ ಹುಡುಗಿ. ಅವಳ ಕಣ್ಣು ಅಕ್ಕಿಯ ಚೀಲದ ಮೇಲಿತ್ತು.

ಆ ರವಿವಾರ ಅವ್ವ ಆಗಿನ ಅಯ್ಯನವರಿಗೆ ಮೊದಲೇ ಹೇಳಿ, ಅಪೊಸ್ತಲರ ಕಾಲದ ವಿಧವೆಯರ ಸಂಗತಿ ಬರುವ ವಾಕ್ಯಭಾಗವನ್ನು ಓದಿಸಿದಳು. ನಿಮಗೆ ಗೊತ್ತಿಲ್ಲದಿದ್ದರೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಯೆರೂಸಲೇಮಿನ ಮೊದಲ ಸಭೆ ದಿನಾಲು ವಿಧವೆಯರಿಗೆ ಊಟ ಹಂಚುತ್ತಿತ್ತು. ಊರಿನ ಮಾತಾಡುವ ವಿಧವೆಯರಿಗೆ ಸಿಗುತ್ತಿತ್ತು. ಹೊರಗಿನಿಂದ ಬಂದ, ಗ್ರೀಕ್ ಮಾತಾಡುವ ವಿಧವೆಯರಿಗೆ ತಪ್ಪಿಹೋಗುತ್ತಿತ್ತು. ಆ ಕಡೆಯವರು ಗುಣುಗುಟ್ಟಿದರು. ಅಪೊಸ್ತಲರು ಬೈಯಲಿಲ್ಲ. ಎಲ್ಲರನ್ನೂ ಕೂಡಿಸಿ, ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿರಿ ಎಂದರು.

ಓದು ಮುಗಿದ ಮೇಲೆ ಅವ್ವ ಎದ್ದು ನಿಂತು ತನ್ನ ತಪ್ಪನ್ನೆಲ್ಲ ಹೇಳಿದಳು. ಆಮೇಲೆ ತಗಡಿನ ಡಬ್ಬಿ ತಂದು ಮರಿಯಮ್ಮನ ಮುಂದಿಟ್ಟಳು. "ಇನ್ ಮ್ಯಾಲ ಇದನ್ನ ಈಕಿ ಹಂಚ್ಲಿ" ಎಂದಳು. ಸಭೆಯ ಹಿರಿಯರು ದಾವೀದಪ್ಪ ಕಾಕಾ, ಒಳ್ಳೆಯ ಮನುಷ್ಯ, ಆದರೆ ಯಾವ ಹೊಸ ಮಾತಿಗೂ ಮೊದಲು ಕೆಮ್ಮುವವರು. ಕೆಮ್ಮಿದರು.

"ಸುಂದ್ರವ್ವ, ಅಕ್ಕಿ ಕೊಟ್ರಾತಲ್ಲ, ಡಬ್ಬಿ ಯಾಕ? ಆಕಿ ಹೊರಗಿನೂರಾಕಿ. ನಮ್ಮ ಮಾತ್ ಬರಂಗಿಲ್ಲ. ಮ್ಯಾಲ, ತಪ್ ತಿಳೀಬ್ಯಾಡ, ಗುಣುಗಿದಾಕಿ."

ಆಗಿನ ಅಯ್ಯನವರು ಮೆತ್ತನೆಯ ಮನುಷ್ಯ. ನಗುತ್ತ ಕೇಳಿದರು: "ಕಾಕಾ, ಆ ಏಳು ಮಂದಿ ಹೆಸರು ಇನ್ನೊಮ್ಮಿ ಓದ್ಲೇನ್ರಿ? ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಇವು ಯಾವ ಕಡಿ ಹೆಸರು ಗೊತ್ತದೇನ್ರಿ? ಏಳಕ್ಕ ಏಳೂ ಗ್ರೀಕ್ ಹೆಸರು. ಗುಣುಗಿದವ್ರ ಕಡಿಯವ್ರು."

ಕಾಕಾ ಬೆರಳು ಮಡಚಿ ಎಣಿಸಿದರು. ಮತ್ತೆ ಕೆಮ್ಮಿದರು. "ಹಂಗಾರ ಗುಣುಗಿದವ್ರ ಕೈಯಾಗೇ ಕೊಟ್ರೇನ್ರಿ ಡಬ್ಬಿ?" ಎಂದರು. "ಹೌದ್ರಿ. ಮುಂದಿನ ಮಾತೇ ನೋಡ್ರಿ, ಅದಾದ ಮ್ಯಾಲ ಸಭೆ ಭಾಳ ಬೆಳೀತು ಅಂತ ಅದ" ಎಂದರು ಅಯ್ಯನವರು. ಮರಿಯಮ್ಮ ಡಬ್ಬಿಯನ್ನು ಮುಟ್ಟಲು ಹಿಂಜರಿದಳು. ದಾವೀದಪ್ಪ ಕಾಕಾ ಎದ್ದು ಬಂದು ಅದನ್ನು ತಾವೇ ಎತ್ತಿ ಅವಳ ಮಡಿಲಿಗೆ ಇಟ್ಟರು.

ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದ್ದೇನೆ. ಪ್ರತಿ ವರ್ಷ ಮಕ್ಕಳನ್ನು ಸೇಡಂ ಹತ್ತಿರದ ಮಳಖೇಡಕ್ಕೆ ಕರೆದುಕೊಂಡು ಹೋಗಿ ಕೋಟೆ ತೋರಿಸುತ್ತೇನೆ. ಒಂದು ಕಾಲಕ್ಕೆ ಅರ್ಧ ದೇಶ ಆಳಿದವರ ರಾಜಧಾನಿ ಅದು. ಮಕ್ಕಳು ಬುರುಜು ಹತ್ತಿ ಫೋಟೋ ತೆಗೆಸಿಕೊಂಡು, ಕಾಗಿಣಾ ನದಿ ನೋಡಿ, ಬುತ್ತಿ ಬಿಚ್ಚುತ್ತಾರೆ. ಎಷ್ಟೋ ರಾಜರ ಶಾಸನಗಳನ್ನು ನಾನು ಪಾಠದಲ್ಲಿ ಓದಿ ಹೇಳಿದ್ದೇನೆ. ಗೆದ್ದದ್ದು, ದಾನ ಕೊಟ್ಟದ್ದು, ಶತ್ರುವನ್ನು ಓಡಿಸಿದ್ದು, ಎಲ್ಲವೂ ಕಲ್ಲಿನ ಮೇಲಿದೆ. 'ನಾವು ಹಂಚುವಾಗ ಹೊರಗಿನಿಂದ ಬಂದ ವಿಧವೆಯರನ್ನು ಮರೆತೆವು' ಎಂದು ಕೆತ್ತಿಸಿದ ಒಬ್ಬ ರಾಜನನ್ನೂ ನಾನು ಕಂಡಿಲ್ಲ. ಆದಿ ಕಾಲದ ಆ ಬಡ ಸಭೆಗೆ ರಾಜನಿರಲಿಲ್ಲ, ಕೋಟೆಯಿರಲಿಲ್ಲ. ಸುಮಾರು ಮುನ್ನೂರು ವರ್ಷ ತಮ್ಮದೆಂದು ಹೇಳಿಕೊಳ್ಳುವಂಥ ದೊಡ್ಡ ಕಟ್ಟಡವೂ ಇರಲಿಲ್ಲ. ಡೇರೆ ಹೊಲಿಯುವ ಗಂಡಹೆಂಡತಿಯ ಮನೆ, ಬಣ್ಣದ ಬಟ್ಟೆ ಮಾರುವ ಹೆಂಗಸಿನ ಮನೆ, ಇಂಥ ಮನೆಗಳಲ್ಲಿ ಕೂಡುತ್ತಿದ್ದರು. ಆದರೆ ತಮ್ಮ ತಪ್ಪನ್ನು ತಾವೇ ಬರೆದಿಟ್ಟು, ಅದನ್ನು ಪವಿತ್ರ ಗ್ರಂಥದಲ್ಲೇ ಸೇರಿಸಿ ಎಲ್ಲ ಕಾಲಕ್ಕೂ ಓದಲು ಕೊಟ್ಟರು. ನನಗೆ ಆ ಮಂದಿಯ ಬಗ್ಗೆ ಭಾಳ ಹೆಮ್ಮೆ. ನಾನು ಅವರ ಕುಲದವಳು ಎಂದು ಹೇಳಿಕೊಳ್ಳಲು ಇನ್ನೂ ಹೆಮ್ಮೆ.

ನಮ್ಮ ವಾಡಿಯ ಸಭೆ ಬೆಳೆದಿದ್ದೂ ಆಮೇಲೆಯೇ. ಮರಿಯಮ್ಮ ಡಬ್ಬಿ ಹಿಡಿದ ಮೊದಲ ತಿಂಗಳಲ್ಲೇ ಚಿಂಚೋಳಿ ಕಡೆಯಿಂದ, ಚಂದ್ರಂಪಳ್ಳಿ ಹತ್ತಿರದ ತಾಂಡಾದ ಒಬ್ಬ ಲಂಬಾಣಿ ಹೆಂಗಸು ಕಲ್ಲಿನ ಕೆಲಸಕ್ಕೆಂದು ಬಂದಳು. ಗಂಡನ ಕಾಲು ಮುರಿದಿತ್ತು. ರವಿವಾರ ಬಂದು ಅಂಚಿನಲ್ಲಿ ಕುಳಿತಳು. ಪ್ರಾರ್ಥನೆ ಮುಗಿದ ಮೇಲೆ ಮರಿಯಮ್ಮ ಡಬ್ಬಿಗೆ ಕೈ ಹಾಕಲಿಲ್ಲ. ಮೊದಲು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಆಗಷ್ಟೇ ಕಲಿತ, ತೆಲುಗು ಬೆರೆತ ಹರಕು ಕನ್ನಡದಲ್ಲಿ ಕೇಳಿದಳು: "ಮೀ ಮನ್ಯಾಗ ಏನ್ ಉಣ್ತಾರಮ್ಮ?"

"ಜೋಳನೇ ಉಣ್ತೀವ್ರಿ" ಎಂದಳು ಅವಳು. "ಆದ್ರ ನಮ್ಮತ್ತಿಗಿ ಹಲ್ಲಿಲ್ರಿ. ನುಚ್ಚು ಒಡಿಸಿದ್ದಾದ್ರ ಛಲೋ ಆಗ್ತದ."

ಮರಿಯಮ್ಮ ನುಚ್ಚು ಒಡಿಸಿ ತಾನೇ ಕೊಟ್ಟು ಬಂದಳು. ಅವ್ವ ಇದನ್ನು ನೋಡುತ್ತ ನಿಂತಿದ್ದಳು. "ಹನ್ನೆರಡ್ ವರ್ಷ ಡಬ್ಬಿ ಹಿಡ್ದೀನಿ. ಈ ಮಾತು ನನ್ನ ಬಾಯಾಗ ಒಂದಿನ ಬರ್ಲಿಲ್ಲ ನೋಡು" ಎಂದು ನನಗೆ ಹೇಳಿದಳು. ಸುದ್ದಿ ಹೇಗೆ ಹರಡಿತೋ ಗೊತ್ತಿಲ್ಲ. ತೆಲುಗಿನವರು ಬಂದರು, ಮರಾಠಿಯವರು ಬಂದರು, ತಾಂಡಾದವರು ಬಂದರು. ಒಂದು ಜಮಖಾನ ಸಾಲದೆ ಅಂಗಳಕ್ಕೆ ಗೋಣಿಚೀಲ ಹಾಸಿದೆವು. ಅವ್ವ ಮರಿಯಮ್ಮನಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಮರಿಯಮ್ಮ ಅವ್ವನಿಗೆ ಪುಳಿಹೋರ ಕಲಿಸಿದಳು. ರೊಟ್ಟಿ ವರ್ಷದೊಳಗೆ ಚೆನ್ನಾಗಿ ಬರತೊಡಗಿತು. ಪುಳಿಹೋರ ಇಂದಿಗೂ ಬಂದಿಲ್ಲ, ನಾವು ತಿನ್ನುತ್ತಲೇ ಇದ್ದೇವೆ.

ಇಷ್ಟೆಲ್ಲ ನಿಮ್ಮ ಮುಂದೆ ಬಡಬಡಿಸಿದವಳು ಶಹಾಬಾದ್‌ಗೆ ಹೋಗುವ ದಿನವೂ ಮನಸ್ಸು ಗಟ್ಟಿ ಮಾಡಿಕೊಂಡಿರಲಿಲ್ಲ. ಅವ್ವ ಆ ಪಡಸಾಲೆಯಲ್ಲಿ ತಪ್ಪೊಪ್ಪಿಕೊಂಡದ್ದನ್ನು ಕೇಳಿದವರು ಈಗ ಬೆರಳೆಣಿಕೆಯಷ್ಟು, ಉಳಿದವರಿಗೆ ಅದು ಗೊತ್ತೇ ಇರಲಿಲ್ಲ. ಚೀಲದಲ್ಲಿ ರಾಜರ ನೋಟುಬುಕ್ಕುಗಳಿದ್ದವು. ಕೂಟಕ್ಕೆ ಐದೂ ಊರಿನ ಮಂದಿ ಬಂದಿದ್ದರು. ಅವ್ವ ಒಳಗೆ ಕಾಲಿಟ್ಟಾಗ ರೂಢಿಯ ಪ್ರಕಾರ ಎಲ್ಲರೂ ಎದ್ದು ನಿಂತರು. ಅವಳು ಕೈ ಅಲ್ಲಾಡಿಸಿ, "ಕುಂದ್ರಿ, ಕುಂದ್ರಿ" ಎನ್ನುತ್ತ ಮೊದಲ ಸಾಲಿಗೆ ಹೋಗಿ ಮರಿಯಮ್ಮನ ಪಕ್ಕದಲ್ಲಿ ಕುಳಿತಳು. ಮರಿಯಮ್ಮ ಈಗ ಸೇಡಂನಲ್ಲಿ ನಿರ್ಮಲಾಳ ಮನೆಯಲ್ಲಿದ್ದಾಳೆ. ಬೆನ್ನು ಬಾಗಿದೆ, ಕನ್ನಡ ನೆಟ್ಟಗಾಗಿದೆ. ಇಬ್ಬರೂ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

ನಾನು ಮೈಕಿನ ಮುಂದೆ ನಿಂತು ರೋಮಿನ ರಸ್ತೆಗಳಿಂದ ಶುರು ಮಾಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಎರಡನೆಯ ಚಕ್ರವರ್ತಿಯ ಹತ್ತಿರ ಬಂದಾಗ ಆ ನೋಟ ತಡೆಯಲಾಗದೆ ನೋಟುಬುಕ್ಕು ಮುಚ್ಚಿದೆ. ಯೆರೂಸಲೇಮಿನ ವಿಧವೆಯರ ಸಂಗತಿ ಹೇಳಿದೆ. ಅಲ್ಲಿಂದ ವಾಡಿಗೆ ಬಂದೆ. ಜಮಖಾನ ಬಂತು, ಡಬ್ಬಿ ಬಂತು, ಜೋಳದ ಚೀಲ ಬಂತು. ಅವ್ವ ಆ ಗುಡಿಸಲಿನೊಳಗೆ ನಿಂತು ಕೂಗಾಡಿದ ಮಾತಿಗೆ ಬರುತ್ತಿದ್ದಂತೆ ಮುಖ ಮೈಕಿನಿಂದ ಸರಿಸಿ, ದನಿ ಇಳಿಸಿ, "ಆಗ ಡಬ್ಬಿ ನೋಡಿಕೊಳ್ಳುತ್ತಿದ್ದವರು ಆಕೆಗೆ ಸ್ವಲ್ಪ ಗಟ್ಟಿಯಾಗಿ ಮಾತಾಡಿದರು" ಎಂದು ಯಾರೋ ಮೂರನೆಯವರ ಸುದ್ದಿಯಂತೆ ಹೇಳಿ ಮುಂದೆ ದಾಟಲು ನೋಡಿದೆ.

ಮೊದಲ ಸಾಲಿನಿಂದ ಅವ್ವ ಎದ್ದು ನಿಂತಳು.

"ಏ, ನಿಲ್ಲು! ಹಿಂದ ಕುಂತವ್ರಿಗಿ ಕೇಳ್ಸಂಗಿಲ್ಲ. ಯಾರಂತ ಹೆಸರ್ ಹೇಳು. ಬೇಡಿ ತಿನ್ನೋರಿಗಿ ಸೊಕ್ಕಿರಬಾರ್ದು ಅಂದೀನಿ ನಾ, ಅದನ್ನೂ ಹೇಳು. ಜೋರಾಗಿ ಹೇಳು!"

ಐದೂರಿನ ಮಂದಿ ಅವಳನ್ನು ನೋಡಿದರು. ಒಬ್ಬರೂ ಕಣ್ಣು ಕೆಳಗೆ ಹಾಕಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು, ಅವರ ಪಕ್ಕದವರೂ ಎದ್ದರು. ನನಗೆ ಇಷ್ಟು ದಿನ ಯಾತಕ್ಕೆ ಹೆದರಿದ್ದೆ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಎದೆ ತುಂಬಿ ಬಂತು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡೆ.

"ಆಕೆಗೆ ಬೈದವಳು ನಮ್ಮವ್ವ" ಎಂದೆ, ಕೊನೆಯ ಸಾಲಿಗೂ ಕೇಳುವ ಹಾಗೆ. "ವಾಡಿಯ ಸುಂದ್ರವ್ವ."